ಕುಂಟುವ ಮೊದಲೇ ಎದೆಬಡಿತ ಹೇಳಿತ್ತು

ಪಿಎಚ್‌.ಡಿ.ಗೆ ಸೇರಿದ ಹೊಸತರಲ್ಲಿ ಕುದುರೆಯ ಸಾಮರ್ಥ್ಯವೆಲ್ಲ ನನಗೆ ವಿ200 ಎಂಬ ಅಳತೆಯಲ್ಲೇ ಇತ್ತು. ಟ್ರೆಡ್‌ಮಿಲ್ ಮೇಲೆ ಹಂತಹಂತವಾಗಿ ವೇಗ ಏರಿಸುತ್ತ ಹೋದರೆ, ಎದೆಬಡಿತ ನಿಮಿಷಕ್ಕೆ 200 ಮುಟ್ಟುವಾಗ ಇರುವ ವೇಗವೇ ವಿ200. ತಾಲೀಮು ಮೈಗೆ ಹತ್ತಿದಂತೆ ಅದು ಏರಬೇಕು.

ನನ್ನ ಅಧ್ಯಯನದ ಒಂದು ಹೆಣ್ಣು ಕುದುರೆಯದ್ದು ಮಾತ್ರ ಇಳಿಯತೊಡಗಿತು. ತಾಲೀಮು ಸಾಲದು ಎಂದುಕೊಂಡು ಓಟ ಹೆಚ್ಚಿಸಿದೆ. ಅದು ಇನ್ನೂ ಇಳಿಯಿತು. ಒಂದು ಬೆಳಿಗ್ಗೆ, ದಿನವೂ ಅವಳ ಮೈ ಉಜ್ಜುತ್ತಿದ್ದ ಹಿರಿಯರು, "ಮೇಡಂ, ಇವಳು ತಿರುಗುವಾಗ ಎಡಗಾಲು ಊರೋಕೆ ಹಿಂಜರೀತಾಳೆ ನೋಡಿ" ಅಂದರು. ಗಟ್ಟಿ ನೆಲದ ಮೇಲೆ ಸಣ್ಣ ಸುತ್ತಿನಲ್ಲಿ ಟ್ರಾಟ್ (ನಡಿಗೆಗಿಂತ ಚುರುಕಾದ ಕುಕ್ಕುಲೋಟ) ಮಾಡಿಸಿದಾಗ ನನಗೂ ಕಂಡಿತು: ಎಡ ಮುಂಗಾಲು ನೆಲ ಮುಟ್ಟಿದಾಗಲೆಲ್ಲ ತಲೆ ಮೇಲೇಳುತ್ತಿತ್ತು. ನೋವಿದ್ದರೆ ಅದೇ ವೇಗಕ್ಕೂ ಹೃದಯ ಹೆಚ್ಚು ಬಡಿಯುತ್ತದೆ. ಯಂತ್ರ ಸರಿಯಾಗಿಯೇ ಹೇಳಿತ್ತು, ಓದಲು ಬಾರದವಳು ನಾನು. ಅವಳಿಗೆ ವಿಶ್ರಾಂತಿ ಕೊಟ್ಟೆವು. ನೋವಿನ ಮೇಲೆ ಓಡಿಸಿದ ಆ ದಿನಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ.

ಆಮೇಲೆ ಅಧ್ಯಾಪಕಿಯಾದೆ. ಅನುದಾನದ ಅರ್ಜಿ, ಮರಳಿ ಬಂದ ಪ್ರಬಂಧಗಳು ಎಲ್ಲ ವಿಷಯದವರಿಗೂ ಇದ್ದದ್ದೇ.

ಮೊದಲ ತರಗತಿಯನ್ನು ಲಾಯದಲ್ಲೇ ತೆಗೆದುಕೊಳ್ಳುತ್ತೇನೆ. ಎಡ ಮೊಣಕೈಯ ಹಿಂದೆ ಸ್ಟೆತಸ್ಕೋಪ್ ಇಟ್ಟು ವಿದ್ಯಾರ್ಥಿಗಳು ಎಣಿಸುತ್ತಾರೆ. ಸುಮ್ಮನೆ ನಿಂತ ಕುದುರೆಯದ್ದು ನಿಮಿಷಕ್ಕೆ 28ರಿಂದ 40. ಯಾರಾದರೂ ಬಾಗಿಲು ದಡಾರನೆ ತೆರೆದರೆ ಲೆಕ್ಕ ತಪ್ಪುತ್ತದೆ. ಬೆದರಿದ ಕುದುರೆಯ ಮೇಲೆ ಮಾಡಿದ ಪರೀಕ್ಷೆ ಅದರ ಹೆದರಿಕೆಯನ್ನೂ ಅಳೆಯುತ್ತದೆ ಎಂಬುದು ಅಲ್ಲೇ ಅರ್ಥವಾಗುತ್ತದೆ. ಪೂರ್ತಿ ಓಟದಲ್ಲಿ ಇದೇ ಹೃದಯ 220 ದಾಟುತ್ತದೆ. ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ಹಿಂಡಿಕೊಂಡು, ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಗೆ ಬಿಡುತ್ತದೆ; ರಕ್ತದಲ್ಲಿ ಅವುಗಳ ಪಾಲು ಶೇ 40ರ ಆಸುಪಾಸಿನಿಂದ 60ಕ್ಕೂ ಮೇಲೇರುತ್ತದೆ. ಗ್ಯಾಲಪ್‌ನಲ್ಲಿ (ನಾಗಾಲೋಟದಲ್ಲಿ) ಒಂದು ನೆಗೆತಕ್ಕೆ ಒಂದೇ ಉಸಿರು, ಅದೂ ಮೂಗಿನಿಂದ ಮಾತ್ರ. ಎಷ್ಟು ಸಲ ಹೇಳಿದರೂ ನನಗೆ ರೋಮಾಂಚನ ತಗ್ಗಿಲ್ಲ.

ಹೃದಯ, ಸ್ನಾಯು ಕೆಲವೇ ವಾರಗಳಲ್ಲಿ ಸಜ್ಜಾಗುತ್ತವೆ. ಮೂಳೆಗೆ, ಸ್ನಾಯುವನ್ನು ಮೂಳೆಗೆ ಬಿಗಿದಿಡುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಈ ಅಂತರದಲ್ಲೇ ಕಾಲು ಕೆಡುವ ಅಪಾಯ. ನನ್ನ ಸಂಶೋಧನೆ ಈಗ ಇಲ್ಲೇ ನೆಲೆ ನಿಂತಿದೆ.

ಪ್ರಯೋಗದ ದಾಖಲೆ ಪುಸ್ತಕದಲ್ಲಿ ವೇಗ, ಬಡಿತ, ದುಡಿದ ಸ್ನಾಯು ರಕ್ತಕ್ಕೆ ಬಿಡುವ ಲ್ಯಾಕ್ಟೇಟ್‌ನ ಅಂಕಣಗಳಿಗಿಂತ ಮುಂಚೆ ಇನ್ನೊಂದು ಅಂಕಣ ಹಾಕಿಸಿದ್ದೇನೆ: 'ಕುದುರೆ ನೋಡಿಕೊಳ್ಳುವವರು ಇಂದು ಏನು ಹೇಳಿದರು?' ಅದು ಖಾಲಿ ಇದ್ದ ದಿನ ಟ್ರೆಡ್‌ಮಿಲ್ ಚಾಲೂ ಮಾಡುವುದಿಲ್ಲ.