ನಾಲ್ಕು ಟೈರು ಸುಲಭ, ಸ್ಟೆಪ್ನಿಯೇ ಕಷ್ಟ

ನನ್ನದು 2009ರ ಮಾರುತಿ ಜಿಪ್ಸಿ, ಸಾಫ್ಟ್ ಟಾಪ್, ಅಂದರೆ ಬಟ್ಟೆಯ ಮಾಡಿನದು. ಮೂಡಿಗೆರೆ ಕಡೆ ತೋಟ. ಜೂನ್ ಹಿಡಿದರೆ ಸೆಪ್ಟೆಂಬರ್ ಮುಗಿಯುವವರೆಗೆ ನಮ್ಮ ಒಳರಸ್ತೆಗೆ ಬೇರೆ ಗಾಡಿ ಇಳಿಯುವುದಿಲ್ಲ. ಟ್ರ್ಯಾಕ್ಟರ್ ಓಡಾಡಿ ಎರಡೂ ಬದಿ ಚರಂಡಿಯಂತಾಗಿ ನಡುವೆ ದಿಂಡು ಎದ್ದು ನಿಂತಿರುತ್ತದೆ. ಆ ದಿಂಡಿಗೆ ಆಕ್ಸಲ್ ನಡುವಿನ ಡಿಫರೆನ್ಶಿಯಲ್ ಗುಂಡು (ಎಡ ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗೂಡು) ತಾಗಿ ಗಾಡಿ ಕೂತುಬಿಡುವುದು, ನಾವು ಹಾರೆ ತಂದು ದಿಂಡು ಕಡಿಯುವುದು, ಉಂಬಳ (ಜಿಗಣೆ) ಕಾಲಿಗೆ ಹತ್ತುವುದು, ಇದು ಪ್ರತಿ ಮಳೆಗಾಲದ ಕತೆ.

ಬಾಡಿಯನ್ನು ಹೊರುವ ಸ್ಪ್ರಿಂಗು, ಅಂದರೆ ಕಮಾನು ಪ್ಲೇಟು ಎತ್ತರಿಸಿದರೆ ಸರಿಹೋಗುತ್ತದೆ ಎಂದವರು ಹಲವರು. ಆಗುವುದಿಲ್ಲ. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್, ಎಡ ಬಲ ಚಕ್ರಕ್ಕೆ ಸೇರಿ ಒಂದೇ ತೊಲೆ. ಪ್ಲೇಟು ಎತ್ತರಿಸಿದರೆ ಬಾಡಿ ಮೇಲೇಳುತ್ತದೆ, ಗುಂಡು ಇದ್ದಲ್ಲೇ ಇರುತ್ತದೆ. ಗುಂಡು ಮೇಲೆ ಬರಬೇಕಾದರೆ ದೊಡ್ಡ ಟೈರೇ ಬೇಕು. ಇಷ್ಟು ಗೊತ್ತಿತ್ತು. ಇದರಾಚೆಗಿನದು ಗೊತ್ತಿರಲಿಲ್ಲ.

ಕಂಪನಿ ಅಳತೆ 205/70 ಆರ್15. ಟೈರಿನ ಅಗಲ 205 ಮಿಲಿಮೀಟರ್, ಅದರ ನೂರಕ್ಕೆ ಎಪ್ಪತ್ತು ಪಾಲು ಗೋಡೆಯ ಎತ್ತರ, ಅಂದರೆ 143.5. ಮೇಲೊಂದು ಕೆಳಗೊಂದು ಸೇರಿ 287, ಹದಿನೈದು ಇಂಚಿನ ರಿಮ್ಮು 381. ಒಟ್ಟು 668 ಮಿಲಿಮೀಟರ್. ನಾನು ಆಸೆಪಟ್ಟು ಹಾಕಿಸಿದ್ದು 235/75 ಆರ್15, ದೊಡ್ಡ ಗಟ್ಟೆಗಳ ಮಡ್ ಟೈರು. ಅದು 733. ಅರವತ್ತೈದು ಮಿಲಿಮೀಟರ್ ಜಾಸ್ತಿ ಎಂದು ಹಿಗ್ಗಿದೆ. ಆದರೆ ಆಕ್ಸಲ್ ಇರುವುದು ಚಕ್ರದ ನಡುವೆ. ನಿಜವಾಗಿ ಸಿಗುವುದು ಅದರ ಅರ್ಧ, 33 ಮಿಲಿಮೀಟರ್. ಒಂದೂಕಾಲು ಇಂಚಿಗಿಂತ ಸ್ವಲ್ಪ ಹೆಚ್ಚು. ಅಷ್ಟಕ್ಕೆ ಏನೇನು ಕೊಡಬೇಕಾಯಿತು ನೋಡಿ.

ಮೊದಲನೆಯದು ಉಜ್ಜುವುದು. ಸಮತಟ್ಟಾದ ಅಂಗಳದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿದಾಗ ಎಲ್ಲೂ ತಾಗಲಿಲ್ಲ. ಅಂಗಡಿಯವನೂ ಅಷ್ಟೇ ನೋಡಿ ಕಳಿಸಿದ್ದ. ತೋಟದ ಮೊದಲ ತಿರುವಿನಲ್ಲೇ ಬರ್ ಅಂತ ಸದ್ದು. ಆಮೇಲೆ ನಾನೇ ಒಂದು ಉಪಾಯ ಮಾಡಿದೆ. ಗೋಡೆಗೆ ಬಳಿಯುವ ಸುಣ್ಣ ಕಲಸಿ ಟೈರಿನ ಎರಡೂ ಅಂಚಿಗೆ ದಪ್ಪಗೆ ಹಚ್ಚಿದೆ. ಎಡಗಡೆ ಮುಂದಿನ ಚಕ್ರವನ್ನು ಕಲ್ಲುಗುಡ್ಡೆ ಮೇಲೆ ಹತ್ತಿಸಿ, ಪ್ಲೇಟು ಪೂರ್ತಿ ಕುಗ್ಗಿದಾಗ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದೆ. ಬಲಗಡೆಗೂ ಹಾಗೇ. ಕೆಳಗೆ ಮಲಗಿ ಟಾರ್ಚ್ ಬಿಟ್ಟರೆ ಬಿಳಿ ಗುರುತು ಎಲ್ಲೆಲ್ಲಿ ಬಿದ್ದಿದೆ ಎಂದು ಸ್ಪಷ್ಟ: ಬಂಪರಿನ ಮೂಲೆ, ಮಡ್‌ಗಾರ್ಡಿನ ಹಿಂಬದಿ ಅಂಚು, ಒಳಗೆ ಕಮಾನು ಪ್ಲೇಟಿನ ಪಕ್ಕ. ಬಂಪರ್ ಮೂಲೆ ಕತ್ತರಿಸಿದೆ, ಅಂಚು ಸುತ್ತಿಗೆಯಿಂದ ಒಳಕ್ಕೆ ಮಡಚಿದೆ, ಪ್ಲೇಟಿಗೆ ತಾಗದಿರಲು ಸ್ಟೀರಿಂಗ್ ಸ್ಟಾಪರ್ ಬೋಲ್ಟನ್ನು ಎರಡು ಸುತ್ತು ಹೊರಗೆ ತಂದೆ. ಇದರಿಂದ ತಿರುವು ಅಗಲವಾಯಿತು. ಮೊದಲು ಒಂದೇ ಸಲಕ್ಕೆ ತಿರುಗುತ್ತಿದ್ದ ಕಣದ ಮೂಲೆಯಲ್ಲಿ ಈಗ ಹಿಂದೆ ಮುಂದೆ ಮಾಡಬೇಕು.

ಎರಡನೆಯದು ಎಂಜಿನ್. 1.3 ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಇರುವ ಶಕ್ತಿಯೇ 80 ಬಿಎಚ್‌ಪಿ, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಚಕ್ರ ಹತ್ತು ಪರ್ಸೆಂಟ್ ದೊಡ್ಡದಾದರೆ ಪ್ರತಿ ಗೇರೂ ಅಷ್ಟು ಎತ್ತರವಾದ ಹಾಗೆ. ಮೂರರಲ್ಲಿ ಏರುತ್ತಿದ್ದ ಚಾರ್ಮಾಡಿ ತಿರುವುಗಳಿಗೆ ಎರಡು ಹಾಕಬೇಕಾಯಿತು. ಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಬ್ರೇಕೂ ಮೊದಲಿನಂತೆ ಹಿಡಿಯುವುದಿಲ್ಲ. ಇನ್ನೊಂದು ತಪ್ಪು ನನ್ನದೇ: ನನ್ನ ರಿಮ್ಮು ಐದೂವರೆ ಇಂಚು ಅಗಲ, 235/75ಕ್ಕೆ ಕನಿಷ್ಠ ಆರಿಂಚು ಬೇಕು. ರಿಮ್ಮಿನ ಮೇಲೆ ಅಳತೆ ಕೊರೆದೇ ಇರುತ್ತದೆ, ಓದಿರಲಿಲ್ಲ.

ಆದರೆ ನನ್ನನ್ನು ನಿಜಕ್ಕೂ ಆಟ ಆಡಿಸಿದ್ದು ಸ್ಟೆಪ್ನಿ.

ಮೊದಲು ನಾಲ್ಕೇ ಟೈರು ತಂದಿದ್ದೆ. ದುಡ್ಡು ಉಳಿಸುವ ಲೆಕ್ಕ. ಹಿಂದೆ ನೇತಾಡುತ್ತಿದ್ದದ್ದು ಹಳೇ 205. ಒಂದು ದಿನ ಹಿಂದಿನ ಚಕ್ರ ಪಂಕ್ಚರ್ ಆಗಿ ಅದನ್ನೇ ಹಾಕಿದೆ. ಗಾಡಿ ಒಂದು ಕಡೆ ವಾಲಿತು, ಅದು ಸಣ್ಣ ವಿಷಯ. ಒಂದೇ ಆಕ್ಸಲ್ಲಿನಲ್ಲಿ ಚಿಕ್ಕದೊಂದು ದೊಡ್ಡದೊಂದು ಚಕ್ರ ಇದ್ದರೆ ನೇರ ರಸ್ತೆಯಲ್ಲೂ ಡಿಫರೆನ್ಶಿಯಲ್ಲಿನ ಒಳಗಿನ ಗೇರುಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಫೋರ್ ವೀಲ್ ಹಾಕಿದರೆ ಇನ್ನೂ ಕೆಟ್ಟದ್ದು. ಜಿಪ್ಸಿಯಲ್ಲಿ ಹಿಂದೆ ಮುಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ಅಳತೆ ಹೊಂದದ ಚಕ್ರ ಗಟ್ಟಿ ನೆಲದಲ್ಲಿ ಜಾರಲಾಗದೆ ಒಳಗೆಲ್ಲ ಬಿಗಿಯಾಗಿ, ಫೋರ್ ವೀಲ್ ಲಿವರ್ ಹೊರಗೆ ಬರುವುದೇ ಇಲ್ಲ. ಎಂಟು ಕಿಲೋಮೀಟರ್ ಟೂ ವೀಲ್‌ನಲ್ಲೇ ನಿಧಾನಕ್ಕೆ ಮನೆ ಸೇರಿ, ಮಾರನೇ ವಾರ ಐದನೇ ಟೈರು ತಂದೆ.

ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆ ಎರಡನ್ನೂ ಇಟ್ಟು ನೋಡಿದ್ದೆ. ರಿಮ್ಮು ಸಮೇತ ಹಳೆಯದು 21 ಕೆಜಿ, ಹೊಸದು 29. ಎಂಟು ಕೆಜಿ ಏನು ಮಹಾ ಅನ್ನಿಸಿತು. ಜಿಪ್ಸಿಯ ಹಿಂಬಾಗಿಲು ಪಕ್ಕಕ್ಕೆ ತೆರೆಯುವಂಥದ್ದು, ಸ್ಟೆಪ್ನಿ ಅದರ ಬೆನ್ನಿಗೇ ಕೂರುತ್ತದೆ. ಎಲ್ಲ ಭಾರವೂ ಎರಡು ಹಿಂಜಿನ ಮೇಲೆ, ಆ ಹಿಂಜು ತೆಳು ತಗಡಿನ ಮೇಲೆ. ನಿಂತಾಗ 29 ಕೆಜಿ. ಗುಂಡಿಗೆ ಧಡ್ ಅಂತ ಇಳಿದಾಗ ಅದರ ಎಷ್ಟೋ ಪಟ್ಟು. ಟೈರು ಅಗಲವಾದ್ದರಿಂದ ಭಾರ ಬಾಗಿಲಿಂದ ಇನ್ನಷ್ಟು ಹೊರಗೆ ಸರಿದಿತ್ತು.

ಜುಲೈನಲ್ಲಿ ಹಿಂದಿನಿಂದ ಕಿರ್ ಕಿರ್ ಸದ್ದು ಶುರುವಾಯಿತು. ಪ್ಲೇಟಿನ ಬುಷ್ಷು ಹೋಗಿರಬೇಕು ಎಂದು ಮೂರು ದಿನ ಗ್ರೀಸು ಹಾಕಿದ್ದೇ ಹಾಕಿದ್ದು. ನಾಲ್ಕನೇ ದಿನ ಉಜಿರೆಯಿಂದ ಘಾಟಿ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದೆ. ಹಿಂದೆ ಇಟ್ಟಿದ್ದ ಕೊಡೆ ತೆಗೆಯೋಣ ಎಂದು ಬಾಗಿಲ ಹಿಡಿ ಎಳೆದೆ ನೋಡಿ, ಬಾಗಿಲು ತೆರೆಯುವ ಬದಲು ಕೆಳಕ್ಕೆ ಬಂತು. ಮೇಲಿನ ಹಿಂಜಿನ ಸುತ್ತ ತಗಡು ಅರ್ಧಚಂದ್ರದ ಹಾಗೆ ಸೀಳಿ, ಹಿಂಜು ಒಂದು ಚೂರು ತಗಡು ಕಚ್ಚಿಕೊಂಡು ಕಿತ್ತು ಬಂದಿತ್ತು. ಸೀಳಿನ ಅಂಚಿಗೆ ಆಗಲೇ ತುಕ್ಕು. ಅಂದರೆ ಬಿರುಕು ಬಿಟ್ಟು ವಾರಗಳೇ ಆಗಿದ್ದವು. ಹೋಟೆಲಿನವರು ಕೊಟ್ಟ ನೈಲಾನ್ ಹಗ್ಗದಲ್ಲಿ ಬಾಗಿಲು ಬಿಗಿದು, ಸ್ಟೆಪ್ನಿ ಒಳಗೆ ಉರುಳಿಸಿ ಮನೆಗೆ ಬಂದೆ. ಘಾಟಿಯಲ್ಲಿ ಹಿಂದೆ ಬೈಕಿನವರು ಯಾರಾದರೂ ಇದ್ದಿದ್ದರೆ ಎಂದು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸ್ವಲ್ಪ ದಿನ ಸ್ಟೆಪ್ನಿ ಒಳಗೇ ಇತ್ತು. ಜಾಗವೆಲ್ಲ ಅದಕ್ಕೇ, ಗೊಬ್ಬರದ ಮೂಟೆಗೆ ಎಡೆಯಿಲ್ಲ, ಕಟ್ಟದೆ ಬಿಟ್ಟರೆ ಬ್ರೇಕ್ ಹಾಕಿದಾಗ ಬೆನ್ನಿಗೇ ಬರುತ್ತದೆ. ಮೇಲೆ ಇಡೋಣ ಎಂದರೆ ಸಾಫ್ಟ್ ಟಾಪ್. ಇರಲಿ, ಗಟ್ಟಿ ಟಾಪ್ ಇದ್ದರೂ ಅಡ್ಡ ಇಳಿಜಾರಿನಲ್ಲಿ ಓಡಿಸುವ ಗಾಡಿಯ ನೆತ್ತಿಗೆ 29 ಕೆಜಿ ಹೇರುವುದು ನನಗೆ ಒಪ್ಪಿಗೆಯಿಲ್ಲ.

ಕೊನೆಗೆ ನಮ್ಮೂರ ವೆಲ್ಡಿಂಗ್ ಮೇಸ್ತ್ರಿ ಹತ್ತಿರ ಹೋದೆ. "ಬಾಗಿಲಿಗೆ ಪಟ್ಟಿ ಹೊಡೆದ್ರೆ ಪಟ್ಟಿ ಪಕ್ಕದಲ್ಲಿ ಹರೀತದೆ ಸಾರ್. ಭಾರ ಚಾಸಿಸ್‌ಗೆ ಕೊಡಿ" ಎಂದ. ಇಬ್ಬರೂ ಕೂತು ಒಂದು ತೋಳು ಮಾಡಿದೆವು. ಚಾಸಿಸ್‌ನ ಹಿಂದಿನ ಅಡ್ಡ ತೊಲೆಗೆ ಬೋಲ್ಟ್ ಹಾಕಿದ ದಪ್ಪ ತಗಡು, ಅದರ ಮೇಲೆ ಹಳೇ ಟಿಲ್ಲರ್ ಟ್ರೈಲರಿನ ಚಕ್ರ ಕೂರುವ ಹಬ್ಬನ್ನು ಬೇರಿಂಗ್ ಸಮೇತ ನೆಟ್ಟಗೆ ನಿಲ್ಲಿಸಿದ್ದು. ಭಾರ ಹೊತ್ತು ತಿರುಗಲೆಂದೇ ಮಾಡಿದ ಸಾಮಾನು ಅದು. ಬರೀ ಪೈಪಿನೊಳಗೆ ಪೈಪು ತೂರಿಸಿದ್ದರೆ ವರ್ಷದೊಳಗೆ ಸವೆದು ಜೋಲುತ್ತಿತ್ತು. ಹಬ್ಬಿನಿಂದ ನಲವತ್ತು ಮಿಲಿಮೀಟರಿನ ಚೌಕ ಪೈಪು, ನಡುವೆ ಸ್ಟೆಪ್ನಿ, ಇನ್ನೊಂದು ತುದಿಗೆ ಕೊಕ್ಕೆಯ ಬೀಗ. ಬೀಗ ಹಾಕಿದಾಗ ಆ ತುದಿ ಗಾಳಿಯಲ್ಲಿ ನಿಲ್ಲದೆ ಒಂದು ಇಳಿಜಾರು ತಗಡಿನ ಮೇಲೆ ಹತ್ತಿ ಕೂರುತ್ತದೆ. ಓಡುವಾಗ ಅರ್ಧ ಭಾರ ಅದರದ್ದು. ಈ ತಗಡಿಲ್ಲದ ತೋಳನ್ನು ಯಾರಾದರೂ ಮಾಡಿಕೊಟ್ಟರೆ ವಾಪಸ್ ಕಳಿಸಿ. ತೆರೆದಾಗ ನಿಲ್ಲಿಸಲು ಒಂದು ಪಿನ್ನು ಕೂಡ ಬೇಕೇ ಬೇಕು. ಇಳಿಜಾರಿನಲ್ಲಿ ಅದು ತಾನೇ ಬೀಸಿ ಬಂದು ನನ್ನ ಮೊಣಕೈಗೆ ಬಡಿದ ಮೇಲೆ ಹಾಕಿಸಿದ್ದು. ಗಡಗಡ ಸದ್ದಿಗೆ ಹಳೇ ಟೈರಿನ ತುಂಡು ಅಡಿಗೆ ಕೊಟ್ಟೆವು. ನಂಬರ್ ಪ್ಲೇಟು, ಹಿಂದಿನ ದೀಪ ಮರೆಯಾಗದ ಹಾಗೆ ಸ್ಟೆಪ್ನಿಯನ್ನು ಒಂದು ಕೈಯಗಲ ಮೇಲಕ್ಕೆ ಸರಿಸಿದ್ದೇವೆ.

ಎಲ್ಲವೂ ಬೋಲ್ಟಿನಲ್ಲಿ ಕೂತಿದೆ, ಬಿಚ್ಚಿದರೆ ಅರ್ಧ ಗಂಟೆಯ ಕೆಲಸ. ಬೇಕೆಂದೇ ಹಾಗೆ ಮಾಡಿಸಿದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಹೇಳಿದೆ. ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್‌ನವರಲ್ಲೂ ಕೇಳಿಕೊಳ್ಳಿ.

ಆ 235 ಸವೆದ ಮೇಲೆ ಮತ್ತೆ ಹಾಕಲಿಲ್ಲ. ಈಗ ಇರುವುದು 215/75 ಆರ್15, ಐದೂ ಒಂದೇ ಅಳತೆ, ಒಂದೇ ಜೊತೆ. ಎತ್ತರ 703, ಡಿಫರೆನ್ಶಿಯಲ್ ಗುಂಡು ಮೇಲೇರಿದ್ದು ಹದಿನೆಂಟು ಮಿಲಿಮೀಟರ್ ಮಾತ್ರ. ಆದರೆ ನಮ್ಮ ಕೆಸರಿಗೆ ಇದೇ ವಾಸಿ. ಮೇಲೆ ಅರ್ಧ ಅಡಿ ಕೊಚ್ಚೆ, ಅಡಿಯಲ್ಲಿ ಗಟ್ಟಿ ಮುರಕಲ್ಲು. ಅಗಲದ ಟೈರು ಕೊಚ್ಚೆಯ ಮೇಲೆ ತೇಲುತ್ತದೆ, ಕಿರಿದಾದದ್ದು ಸೀಳಿಕೊಂಡು ಹೋಗಿ ಕಲ್ಲು ಕಚ್ಚುತ್ತದೆ. ಮರಳಿನಲ್ಲಿ ಓಡಿಸುವವರ ಲೆಕ್ಕ ಬೇರೆ. ಎಂಟು ಸಾವಿರ ಕಿಲೋಮೀಟರಿಗೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ ಸ್ಥಳ ಬದಲಿಸುತ್ತೇನೆ, ಇಲ್ಲದಿದ್ದರೆ ಅದು ಹೊಸದಾಗೇ ಉಳಿದು ಮತ್ತೆ ಅಳತೆ ಹೊಂದುವುದಿಲ್ಲ.

ತೋಳಿನದ್ದು ಉಳಿದಿರುವ ತಕರಾರು ಒಂದೇ. ಹಿಂದಿನಿಂದ ಏನಾದರೂ ತೆಗೆಯಬೇಕಾದರೆ ಬೀಗ, ತೋಳು, ಪಿನ್ನು, ಆಮೇಲೆ ಬಾಗಿಲು. ಮುಚ್ಚುವಾಗ ಅದೇ ಕ್ರಮ ಉಲ್ಟಾ. ಮೊನ್ನೆ ಸಂತೆಯಿಂದ ಬರುವಾಗ ಜಡಿಮಳೆಯಲ್ಲಿ ಚೀಲ ಹಿಡಿದು ನಿಂತಿದ್ದ ಮನೆಯವಳು, "ನಿಮ್ಮ ಗೇಟು ತೆಗೆದಾಗೋದ್ರೊಳಗೆ ಮಳೆಗಾಲಾನೇ ಮುಗೀತದೆ ಮಾರಾಯ್ರೆ" ಎಂದು ಚೀಲವನ್ನು ಮುಂದಿನ ಸೀಟಿನಲ್ಲೇ ಇಟ್ಟು ಹತ್ತಿ ಕೂತಳು.