ಒಂದೇ ವೈನ್, ಮೂರು ಬಾಟಲಿ, ಮೂರು ವಾಸನೆ

ಹಳೆಯ ರೆಡ್ ವೈನ್ ತೆರೆದಾಗ ದನದ ಹಟ್ಟಿಯ ವಾಸನೆ ಬಂದರೆ ಅದು ಕೆಟ್ಟಿದೆಯೋ, ಅದರ ಗುಣವೇ ಹಾಗೋ? ಮುಂಬೈಯ ನಮ್ಮ ಸಣ್ಣ ಗುಂಪಿನಲ್ಲಿ ಈ ಜಗಳ ಮುಗಿಯುವುದೇ ಇಲ್ಲ. ಕುಂದಾಪುರ, ಉಡುಪಿ ಕಡೆಯವರೇ ಜಾಸ್ತಿ, ಜೊತೆಗೆ ಒಬ್ಬ ಧಾರವಾಡದವನು. ಹಟ್ಟಿ ಎಂದರೆ ಮೂಗು ಮುಚ್ಚುವ ಜನ ಅಲ್ಲ ನಾವು. ಆದರೂ ಗ್ಲಾಸಿನೊಳಗೆ ಹಟ್ಟಿ ಬಂದರೆ ಎಲ್ಲರಿಗೂ ಒಂದೊಂದು ಅಭಿಪ್ರಾಯ.

ಈ ವಾಸನೆ ತರುವುದು ಬ್ರೆಟನೋಮೈಸಿಸ್ ಎಂಬ ಯೀಸ್ಟ್, ಚಿಕ್ಕದಾಗಿ ಬ್ರೆಟ್. ಇದನ್ನು ಮೊದಲು ಗುರುತಿಸಿದ್ದು ವೈನಿನಲ್ಲಿ ಅಲ್ಲ, ಬಿಯರಿನಲ್ಲಿ. 1904ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸನ್, ಇಂಗ್ಲಿಷ್ ಬಿಯರಿಗೆ ಅದರ ವಿಶೇಷ ರುಚಿ ಕೊಡುವುದು ಇದೇ ಯೀಸ್ಟ್ ಎಂದು ತೋರಿಸಿದರು. ವೈನಿಗೆ ಇದು ಹೆಚ್ಚಾಗಿ ಮರದ ಪೀಪಾಯಿಯಿಂದ ಬರುತ್ತದೆ. ಮರದ ಸಂದಿಯೊಳಗೆ ಕೂತರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಸರಿ, ನಾನು ಮಾಡಿದ್ದು ಹೇಳುತ್ತೇನೆ. ದಕ್ಷಿಣ ಫ್ರಾನ್ಸಿನ ಷಾಟೋನೆಫ್-ದು-ಪಾಪ್‌ನ 2007ರ ಒಂದು ರೆಡ್, ಒಂದೇ ತಯಾರಕರದ್ದು, ಮೂರು ಬಾಟಲಿ ಸೇರಿಸಿದೆ. ತಯಾರಕರ ಹೆಸರು ಇಲ್ಲಿ ಬೇಡ. ವಿಮಾನದಲ್ಲಿ ಬರುವ ಒಬ್ಬೊಬ್ಬರಿಗೂ ಸುಂಕವಿಲ್ಲದೆ ಎರಡೇ ಲೀಟರ್ ತರಬಹುದು, ಹಾಗಾಗಿ ಇವು ಬೇರೆ ಬೇರೆಯವರ ಕೈಯಲ್ಲಿ ಬಂದವು. ಎರಡು ನನ್ನ ವೈನ್ ಫ್ರಿಜ್‌ನಲ್ಲಿ 13 ಡಿಗ್ರಿಯಲ್ಲಿದ್ದವು. ಮೂರನೆಯದು ಠಾಣೆಯ ಗೆಳತಿಯ ಮನೆಯ ಕಪಾಟಿನಲ್ಲಿ ಬಟ್ಟೆಗಳ ಹಿಂದೆ ಹಲವು ಬೇಸಿಗೆ ಕಳೆದದ್ದು.

ಹಿಂದಿನ ದಿನವೇ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿಟ್ಟೆ, ಗಸಿ ತಳಕ್ಕೆ ಇಳಿಯಲಿ ಅಂತ. ಬೇರೆ ಪಾತ್ರೆಗೆ ಬಗ್ಗಿಸಲಿಲ್ಲ, ಏಕೆಂದರೆ ಗಾಳಿ ತಾಗಿದ ಮೇಲೆ ಏನು ಹೋಯಿತು, ಏನು ಉಳಿಯಿತು ಎಂಬುದೇ ನನಗೆ ನೋಡಬೇಕಿತ್ತು. ಒಂದೇ ಥರದ ಗ್ಲಾಸುಗಳು, ಅಡಿಯಲ್ಲಿ ಮಾರ್ಕರ್ ಗುರುತು, ಸುರಿದದ್ದು ನಮ್ಮನೆಯವರು, ಅದೂ ಅಡುಗೆಮನೆಯಲ್ಲಿ, ನಾವು ಯಾರೂ ನೋಡದ ಹಾಗೆ. ವೈನ್ 17 ಡಿಗ್ರಿ ಹತ್ತಿರ ಇರಬೇಕು. ನಮ್ಮ ಊರಿನ ಸೆಖೆಯಲ್ಲಿ ಗ್ಲಾಸು ಬೇಗ ಬಿಸಿಯಾಗುತ್ತದೆ, ಆಗ ಆಲ್ಕೋಹಾಲ್ ಮೂಗಿಗೆ ಹೊಡೆದು ಬೇರೆ ಏನೂ ತಿಳಿಯುವುದಿಲ್ಲ, ಹಾಗಾಗಿ ಸ್ವಲ್ಪ ಸ್ವಲ್ಪವೇ ಸುರಿಯಬೇಕು.

ಮೊದಲು ಗ್ಲಾಸು ಆಡಿಸದೆ ಮೂಸಿ ನೋಡಿದೆವು. ಒಂದರಲ್ಲಿ ಒಣ ಚೆರಿ, ಚರ್ಮದ ಚೀಲ, ಹಿಂದಿನಿಂದ ಸಣ್ಣಗೆ ಲವಂಗ. ಇನ್ನೊಂದರಲ್ಲಿ ಹಣ್ಣು ಇತ್ತು, ಮಳೆ ಬಿದ್ದ ತೋಟದ ಮಣ್ಣೂ ಇತ್ತು, ಹೊಗೆಯಲ್ಲಿಟ್ಟ ಮಾಂಸದ ಘಮವೂ ಇತ್ತು. ನನಗೆ ಇಷ್ಟವಾದದ್ದು ಇದೇ. ಮೂರನೆಯದನ್ನು ಮೂಗಿಗೆ ಹಿಡಿದವನೇ ಧಾರವಾಡದ ಗೆಳೆಯ, "ಏನಲೇ ಇದು, ಮಹಾಲಕ್ಷ್ಮಿ ರೇಸ್‌ಕೋರ್ಸಿನ ಕುದರಿ ಲಾಯ ಆಗೇತಿ" ಅಂದ. ಸರಿಯಾಗಿಯೇ ಹೇಳಿದ. ಲಾಯ, ಬ್ಯಾಂಡೇಡ್ ಪಟ್ಟಿ, ಬೆವರು. ಹಣ್ಣು ಹುಡುಕಬೇಕಿತ್ತು.

ಈ ವಾಸನೆಗಳಿಗೆ ಒಂದೊಂದು ಹೆಸರಿದೆ. ಲಾಯ ಮತ್ತು ಬ್ಯಾಂಡೇಡ್ 4-ಈಥೈಲ್‌ಫಿನಾಲ್, ಲವಂಗ ಮತ್ತು ಹೊಗೆ 4-ಈಥೈಲ್‌ಗ್ವಾಯಕಾಲ್, ಬೆವರಿನ ಕಮಟು ಐಸೋವ್ಯಾಲೆರಿಕ್ ಆಮ್ಲ. ಮೊದಲ ಎರಡಕ್ಕೆ ಬೇಕಾದ ಕಚ್ಚಾ ಮಾಲು ದ್ರಾಕ್ಷಿಯಲ್ಲೇ ಇರುತ್ತದೆ, ಯೀಸ್ಟ್ ಅದನ್ನು ಮಾರ್ಪಡಿಸುತ್ತದೆ ಅಷ್ಟೇ. ಲೀಟರಿಗೆ 400 ಮೈಕ್ರೋಗ್ರಾಂ ಆಸುಪಾಸು ಈಥೈಲ್‌ಫಿನಾಲ್ ಇದ್ದರೆ ಸಾಮಾನ್ಯವಾಗಿ ಮೂಗಿಗೆ ಗೊತ್ತಾಗುತ್ತದೆ ಅನ್ನುತ್ತಾರೆ. ಆದರೆ ಎಲ್ಲರ ಮೂಗೂ ಒಂದೇ ಅಲ್ಲ. ನಮ್ಮಲ್ಲೇ ಒಬ್ಬಳಿಗೆ ಮೂರನೆಯದರಲ್ಲೂ ಬರೀ ಲವಂಗ ಕಂಡಿತು, ಅವಳು ಖುಷಿಯಾಗಿ ಕುಡಿದಳು.

ಬ್ರೆಟ್ ಅಂತ ತೀರ್ಮಾನಿಸುವ ಮೊದಲು ಬೇರೆ ಎರಡನ್ನು ಬದಿಗಿಡಬೇಕು. ಕಾರ್ಕ್ ದೋಷವಾದರೆ ಒದ್ದೆ ರಟ್ಟಿನ ಮುಗ್ಗಲು ವಾಸನೆ, ಹಣ್ಣೂ ಸತ್ತುಹೋಗಿರುತ್ತದೆ, ಹೊತ್ತು ಹೋದಷ್ಟೂ ಜೋರಾಗುತ್ತದೆ. ಇನ್ನೊಂದು ಗಂಧಕದ್ದು, ಬೆಂದ ಮೊಟ್ಟೆ, ಉರಿದ ಬೆಂಕಿಕಡ್ಡಿ. ಇದಕ್ಕೆ ನನ್ನ ಹತ್ತಿರ ತಾಮ್ರದ ಒಂದು ಉದ್ಧರಣೆ ಇದೆ (ದೇವರ ಕೋಣೆಯದ್ದಲ್ಲ, ಇದಕ್ಕೇ ಅಂತ ಬೇರೆ ತಂದದ್ದು, ಅತ್ತೆ ಕೇಳುವ ಮೊದಲೇ ಹೇಳಿಬಿಡುತ್ತೇನೆ). ಸ್ವಲ್ಪ ವೈನಿನಲ್ಲಿ ಅದನ್ನು ಅದ್ದಿ ಒಂದು ನಿಮಿಷ ಆಡಿಸಿದರೆ ಗಂಧಕದ ವಾಸನೆ ಇಳಿಯುತ್ತದೆ. ಮೂಸಿ ಆ ವೈನ್ ಚೆಲ್ಲಿಬಿಡುತ್ತೇನೆ. ನಮ್ಮ ಮೂರನೆಯ ಗ್ಲಾಸಿನಲ್ಲಿ ಏನೂ ಬದಲಾಗಲಿಲ್ಲ. ಎರಡು ತಾಸು ಬಿಟ್ಟರೂ ಲಾಯ ಅಲ್ಲೇ ಇತ್ತು. ಗಾಳಿಗೆ ಹಾರಿ ಹೋಗದಿರುವುದೇ ಬ್ರೆಟ್‌ನ ಗುರುತು.

ಗ್ಲಾಸಿನ ಅಡಿಯ ಗುರುತು ನೋಡಿದಾಗ, ಮೂರನೆಯ ಗ್ಲಾಸಿನದ್ದು ಠಾಣೆಯ ಬಾಟಲಿಯೇ. ಸೋಸದೆ ತುಂಬಿದ ವೈನಿನಲ್ಲಿ ಬಾಟಲಿಯೊಳಗೂ ಈ ಯೀಸ್ಟ್ ಜೀವಂತ ಇರಬಹುದು, ಉಳಿದ ಚೂರು ಸಕ್ಕರೆಯೇ ಸಾಕು ಅದಕ್ಕೆ. ತಣ್ಣಗಿದ್ದರೆ ಸುಮ್ಮನಿರುತ್ತದೆ, ಇಪ್ಪತ್ತೈದು ಮೂವತ್ತು ಡಿಗ್ರಿ ಸಿಕ್ಕರೆ ಬೆಳೆಯುತ್ತದೆ. ಮುಂಬೈ ಮನೆಯ ಕಪಾಟು ಅಂದರೆ ಇನ್ನೇನು? ಆದರೆ ಎಲ್ಲವನ್ನೂ ಸೆಖೆಯ ತಲೆಗೆ ಕಟ್ಟಲಾಗುವುದಿಲ್ಲ. ಒಂದೇ ಫ್ರಿಜ್‌ನಲ್ಲಿದ್ದ ಎರಡು ಬಾಟಲಿಗಳೂ ಒಂದರಂತೆ ಒಂದು ಇರಲಿಲ್ಲವಲ್ಲ. ನನ್ನ ಫ್ರಿಜ್‌ಗೆ ಬರುವ ಮೊದಲು ಅವು ಎಲ್ಲೆಲ್ಲಿ ಇದ್ದವೋ, ಕಾರ್ಕ್ ಒಳಗೆ ಬಿಡುವ ಗಾಳಿಯೂ ಬೇರೆ ಬೇರೆ, ಯಾವ ಪೀಪಾಯಿಯ ಪಾಲು ಯಾವ ಬಾಟಲಿಗೆ ಬಂತೋ ಅದೂ ಬೇರೆ ಇರಬಹುದು.

ನಾನು ಮೂಗಿಗಿಂತ ಬಾಯಿಯನ್ನೇ ಜಾಸ್ತಿ ನಂಬುತ್ತೇನೆ. ಲಾಯದ ವಾಸನೆ ಇದ್ದರೂ ನುಂಗಿದ ಮೇಲೆ ಹಣ್ಣು ಉಳಿದರೆ ನನಗೆ ಅದು ಒಳ್ಳೆಯ ವೈನ್. ನುಂಗಿದ ಕೂಡಲೇ ಬಾಯಿ ಒಣಗಿ ಲೋಹ ನೆಕ್ಕಿದ ಹಾಗಾದರೆ ಮುಗಿಯಿತು. ಎರಡನೆಯ ಬಾಟಲಿ ಮಟನ್ ಸುಕ್ಕದ ಜೊತೆ, ಖಾರ ಕಡಿಮೆ ಮಾಡಿ ಕಾಳುಮೆಣಸು ಹಾಕಿದ್ದು, ಎಷ್ಟು ಚೆನ್ನಾಗಿ ಹೋಯಿತೆಂದರೆ ಆ ಮಣ್ಣು, ಹೊಗೆಯ ವಾಸನೆ ಎಲ್ಲಿ ಹೋಯಿತೋ ಗೊತ್ತೇ ಆಗಲಿಲ್ಲ. ಮೂರನೆಯದರ ಲೋಹದ ರುಚಿ ಮಾಂಸಕ್ಕೂ ಬಗ್ಗಲಿಲ್ಲ.

ಠಾಣೆಯ ಗೆಳತಿಯ ಕಪಾಟಿನಲ್ಲಿ ಅದೇ ವೈನ್ ಇನ್ನೊಂದು ಇದೆ. ಈಗ ಅದನ್ನು ಫ್ರಿಜ್‌ಗೆ ಹಾಕಿದರೂ ಆಗಿಹೋದ ಈಥೈಲ್‌ಫಿನಾಲ್ ವಾಪಸ್ ಹೋಗುವುದಿಲ್ಲ, ಇನ್ನಷ್ಟು ಏರದೆ ಇರಬಹುದು ಅಷ್ಟೇ. ಮುಂದಿನ ಬೇಸಿಗೆಗೆ ಇಡಬೇಡ, ಈ ತಿಂಗಳೇ ತೆಗೆ ಅಂದಿದ್ದೇನೆ.