ಅರ್ಜಿಗೆ ಫೋಟೋ ಚಿಕ್ಕದು ಮಾಡುವುದು ಹೀಗೆ
ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕುವವರೇ, ಫೋಟೋ 20ರಿಂದ 50 ಕೆಬಿ ಒಳಗಿರಬೇಕು, ಅಳತೆ 200 x 230 ಪಿಕ್ಸೆಲ್. ಮೊಬೈಲ್‌ನಲ್ಲಿ ತೆಗೆದ ಫೋಟೋ ಎಷ್ಟೋ ಎಂಬಿ ಇರುತ್ತೆ, ಅಲ್ವಾ? ಅದಕ್ಕೆ ಸೈಬರ್ ಸೆಂಟರ್‌ಗೆ ಓಡಬೇಕಿಲ್ಲ.

ಮೊದಲು ಗ್ಯಾಲರಿಯಲ್ಲೇ ಮುಖ, ಭುಜ ಬರುವಷ್ಟು ಕ್ರಾಪ್ ಮಾಡಿ. ಅಗಲಕ್ಕಿಂತ ಎತ್ತರ ಸ್ವಲ್ಪ ಜಾಸ್ತಿ ಇರಲಿ. ಇಲ್ಲದಿದ್ದರೆ ಮುಖ ಎಳೆದ ಹಾಗೆ ಕಾಣುತ್ತದೆ. ಆಮೇಲೆ ಬ್ರೌಸರ್‌ನಲ್ಲಿ ಸ್ಕ್ವೂಶ್ (squoosh.app) ಎಂಬ, ಫೋಟೋ ಚಿಕ್ಕದು ಮಾಡುವ ಸೈಟ್ ತೆರೆಯಿರಿ. ರೀಸೈಜ್ ಒತ್ತಿ ಅಳತೆ ಹಾಕಿ, ಮೊಝ್‌ಜೆಪೆಗ್ (MozJPEG, ಅಂದರೆ ಜೆಪಿಜಿ ಫೋಟೋ ಮಾಡುವ ಆಯ್ಕೆ) ಆರಿಸಿ. ಕ್ವಾಲಿಟಿ ಗೆರೆಯನ್ನು ಹಿಂದೆ ಮುಂದೆ ಸರಿಸಿದರೆ ಎಷ್ಟು ಕೆಬಿ ಅಂತ ಅಲ್ಲೇ ತೋರಿಸುತ್ತದೆ. 20ಕ್ಕಿಂತ ಕಡಿಮೆ ಆಯಿತಾ? ಕ್ವಾಲಿಟಿ ಏರಿಸಿ.

ನನಗೆ ಇದು ಇಷ್ಟವಾಗಲು ಕಾರಣ, ಫೋಟೋ ನಮ್ಮ ಫೋನಿನಲ್ಲೇ ಉಳಿಯುತ್ತದೆ, ಬೇರೆ ಸರ್ವರ್‌ಗೆ ಹೋಗುವುದಿಲ್ಲ. ಸಹಿ, ಹೆಬ್ಬೆಟ್ಟಿನ ಗುರುತನ್ನು ಗೊತ್ತಿಲ್ಲದ ಸೈಟಿಗೆ ಸುಮ್ನೆ ಹಾಕಬೇಡಿ. ಮೂಲ ಫೋಟೋ ಅಳಿಸಬೇಡಿ, ಚಿಕ್ಕದಾದದ್ದು ಮತ್ತೆ ದೊಡ್ಡದಾಗಿ ಚೆನ್ನಾಗಿ ಬರುವುದಿಲ್ಲ.